ಕುಂತ ಬಸ್ಸು, ಆರದ ದೀಪ

ರಾತ್ರಿ ನೆಟ್ಟಗೆ ನಿಂತಿದ್ದ ಟೂರಿಸ್ಟ್ ಬಸ್ಸು ಬೆಳಗಾಗುವಷ್ಟರಲ್ಲಿ ಹಿಂದಿನ ಎಡಮೂಲೆಗೆ ಕುಂತಿತ್ತು. ಹೊಳೆಹೊನ್ನೂರಿನ ರಸ್ತೆ ಬದಿ, ಇನ್ನೂ ಅರ್ಧ ಬಾಗಿಲು ಮಾತ್ರ ತೆರೆದಿದ್ದ ಹೊಟೇಲಿನ ಎದುರು. ಬಯಲುಸೀಮೆ ಕಡೆಯ ಯಾತ್ರಿಕರ ಬಸ್ಸು ಅದು. ಭದ್ರೆಯಲ್ಲಿ ಮುಳುಗೆದ್ದು, ಉತ್ತರಾದಿ ಮಠದ ಸತ್ಯಧರ್ಮತೀರ್ಥರ ವೃಂದಾವನಕ್ಕೆ ಪ್ರದಕ್ಷಿಣೆ ಹಾಕಿ, ಬಿಸಿಲೇರುವ ಮೊದಲು ಕೂಡ್ಲಿಗೆ ಹೋಗಿ ತುಂಗೆ ಭದ್ರೆ ಕೂಡುವುದನ್ನು ನೋಡಿ, ಮಧ್ಯಾಹ್ನದ ಊಟಕ್ಕೆ ಮುಂದಿನ ಊರು ಎಂಬ ಲೆಕ್ಕಾಚಾರ. ಮಡಿಬಟ್ಟೆಯ ಗಂಟು ಹಿಡಿದು ಅವರೆಲ್ಲ ಹೊಳೆಯ ಕಡೆ ಇಳಿದುಹೋದ ಮೇಲೆ ಬಸ್ಸಿನ ಸುತ್ತ ಊರಿನವರು ಸೇರಿದರು. ಕೆಟ್ಟು ನಿಂತ ಗಾಡಿಗೆ ನಮ್ಮ ಕಡೆ ಇರುವಷ್ಟು ಪ್ರೇಕ್ಷಕರು ನಾಟಕಕ್ಕೂ ಸಿಗುವುದಿಲ್ಲ.

'ಟೈರ್ ಹೋಗಿದೆ' ಅಂದರು ಒಬ್ಬರು. ಟೈರಿಗೆ ಒದ್ದು ನೋಡಿ ಇಲ್ಲ ಅಂದರು ಇನ್ನೊಬ್ಬರು. 'ಬ್ಲೇಡ್ ಕಟ್ಟಾಗಿದೆ ಬಿಡ್ರಿ, ಈ ಹಂಪುಗಳಲ್ಲಿ ಇನ್ನೇನಾಗುತ್ತೆ' ಎಂದು ಹಾಲಿನ ಕ್ಯಾನು ಹೊತ್ತು ಬಂದವರು ತೀರ್ಪು ಕೊಟ್ಟು ಬೈಕ್ ಹತ್ತಿದರು. ಡ್ರೈವರು ಯಾರಿಗೂ ಉತ್ತರ ಕೊಡಲಿಲ್ಲ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕುಕ್ಕರುಗಾಲಿನಲ್ಲಿ ಕೂತು, ಹಿಂದಿನ ಚಕ್ರ ಮತ್ತು ಬಾಡಿಯ ನಡುವಿನ ಸಂದಿಗೆ ಮೊಬೈಲಿನ ಬೆಳಕು ಬಿಟ್ಟರು. ಅಲ್ಲಿ ಬ್ಲೇಡು, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಇರಲೇ ಇಲ್ಲ. ಆಕ್ಸಲ್ಲಿನ ಅತ್ತಿತ್ತ ಕಪ್ಪು ರಬ್ಬರಿನ ದಪ್ಪ ಡ್ರಮ್ಮುಗಳು. ಬಲಬದಿಯವು ಬಿಗಿದುಕೊಂಡು ನಿಂತಿದ್ದರೆ ಎಡಗಡೆಯವು ಮೈಮೇಲೆ ಮಡಿಕೆ ಕೆಡವಿಕೊಂಡು ಕುಸಿದಿದ್ದವು.

ಮುಂದಿನ ಕೆಲಸ ನೋಡುವಂತಿತ್ತು. ಕ್ಲೀನರ್ ಹುಡುಗ ಡಿಕ್ಕಿಯಿಂದ ಎರಡು ಮರದ ದಿಮ್ಮಿ ಎಳೆದು ತಂದ. ಇಂಜಿನ್ ಶುರು ಮಾಡಿ, ಗಾಳಿ ತುಂಬಿ, ಕುಂತ ಮೂಲೆ ನಿಧಾನಕ್ಕೆ ಮೇಲೆದ್ದ ಮೇಲೆ ಹೊರಗಿನಿಂದಲೇ ಚಾಸಿಗೂ ಆಕ್ಸಲ್ಲಿಗೂ ನಡುವೆ ದಿಮ್ಮಿ ತುರುಕಿ ಭದ್ರ ಮಾಡಿದರು. ಹೊಟೇಲಿನಿಂದ ಒಂದು ಮಗ್ಗು ನೀರು ಬಂತು. ಹುಡುಗ ತನ್ನ ಕಿಸೆಯಿಂದಲೇ ಶಾಂಪೂ ಪೊಟ್ಟಣ ತೆಗೆದು ಹಲ್ಲಿನಲ್ಲಿ ಕಚ್ಚಿ ಹರಿದು ಕಲಸಿದ. ನೊರೆನೀರಿನಲ್ಲಿ ಬಟ್ಟೆ ಅದ್ದಿ ರಬ್ಬರಿನ ಮೇಲೆ ಹಿಂಡಿದರೆ ಮೊದಲು ಏನೂ ಇಲ್ಲ. ಕೆಳಗಿನ ಮಡಿಕೆಯ ಹತ್ತಿರ, ರಬ್ಬರು ಲೋಹದ ಬುಡದ ಮೇಲೆ ಹೊರಳುವ ಜಾಗದಲ್ಲಿ, ಉಗುರುದ್ದದ ಬಿರುಕು. ಅದರ ತುದಿಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೊಂದು ಎದ್ದಿತು. ಬಿರುಕಿನ ಒಳಗಡೆ ನೂಲಿನ ಎಳೆ ಬಿಳಿಯಾಗಿ ಕಾಣುತ್ತಿತ್ತು. 'ನೂಲು ಕಂಡ ಮೇಲೆ ಮುಗೀತು. ಬೆಲೋ ಬದಲಾಯಿಸಬೇಕು' ಎಂದು ಡ್ರೈವರು ಬಾಯಿ ಮುಕ್ಕಳಿಸಿದರು.

ಬೆಲೋ ಎಂದರೆ ಇಷ್ಟೆ: ನೂಲಿನ ಪದರ ಒಳಗಿಟ್ಟು ಅಚ್ಚು ಹಾಕಿದ ರಬ್ಬರಿನ ಚೀಲ, ಅದರೊಳಗೆ ಒತ್ತಿದ ಗಾಳಿ. ಇಂಥ ಬಸ್ಸುಗಳಲ್ಲಿ ಸಾಮಾನ್ಯವಾಗಿ ಮುಂದಿನ ಆಕ್ಸಲ್ಲಿಗೆ ಎರಡು, ಹಿಂದಿನದಕ್ಕೆ ನಾಲ್ಕು. ಇಂಜಿನ್ನಿಗೆ ಜೋಡಿಸಿದ ಕಂಪ್ರೆಸರು ಗಾಳಿ ಒತ್ತಿ ಕಳಿಸುತ್ತದೆ, ಡ್ರೈಯರು ಅದರ ಪಸೆ ಹೀರುತ್ತದೆ, ಗಾಳಿ ಟ್ಯಾಂಕಿಗೆ ಸೇರುತ್ತದೆ. ಅಲ್ಲಿಂದ ಮೊದಲ ಪಾಲು ಬ್ರೇಕಿಗೆ. ಬ್ರೇಕಿನ ಟ್ಯಾಂಕು ತುಂಬಿದ ಮೇಲೆಯೇ ಬೆಲೋಗಳಿಗೆ. ಚಾಸಿ ಮತ್ತು ಆಕ್ಸಲ್ ನಡುವೆ ಗೇಣುದ್ದದ ಸರಳು ಕಟ್ಟಿದ ಲೆವೆಲಿಂಗ್ ವಾಲ್ವ್ ಎಂಬುದೊಂದಿದೆ. ಜನ ಹತ್ತಿ ಗಾಡಿ ತಗ್ಗಿದರೆ ಸರಳು ಮೇಲೆ ತಳ್ಳುತ್ತದೆ, ವಾಲ್ವ್ ತೆರೆದು ಗಾಳಿ ಒಳಗೆ ಹೋಗುತ್ತದೆ. ಜನ ಇಳಿದರೆ ಗಾಳಿ ಹೊರಗೆ. ಬೆಂಗಳೂರಿನಲ್ಲಿ ಬಿಎಂಟಿಸಿಯ ವಜ್ರ ಬಸ್ಸು ಸ್ಟಾಪಿನಲ್ಲಿ ನಿಂತಾಗ ಬಾಗಿಲ ಕಡೆಗೆ ಕೊಂಚ ಬಗ್ಗುವುದನ್ನು ನೋಡಿದವರಿಗೆ ಇದು ಗೊತ್ತು: ಬೇಕೆಂದೇ ಆ ಬದಿಯ ಗಾಳಿ ಬಿಟ್ಟು ಮುದುಕರಿಗೆ ಮೆಟ್ಟಿಲು ತಗ್ಗಿಸುವ ಉಪಾಯ. ಹೊಳೆಹೊನ್ನೂರಿನ ಬಸ್ಸು ಯಾರನ್ನೂ ಕೇಳದೆ ಬಗ್ಗಿತ್ತು.

ಕಾಫಿ ಬಂದ ಮೇಲೆ ಡ್ರೈವರ ಬಾಯಿ ಬಿಚ್ಚಿತು. ಇದು ಇವತ್ತಿನ ಕಥೆಯಲ್ಲ, ಎರಡು ವಾರದಿಂದ ಗಾಡಿ ಹೇಳುತ್ತಲೇ ಇತ್ತು, ಓನರಿಗೆ ಹೇಳಿದರೆ 'ಈ ಟ್ರಿಪ್ ಮುಗಿಸ್ಕೊಂಡು ಬಾ' ಅಂದರಂತೆ. ಏನು ಹೇಳುತ್ತಿತ್ತು? ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗೇಜಿನ ಮುಳ್ಳು ಮೊದಲಿನ ಹಾಗೆ ಏರುತ್ತಿರಲಿಲ್ಲ. 8 ಬಾರ್ ಸುತ್ತ ಹೋಗಿ ನಿಲ್ಲಬೇಕಾದದ್ದು ಒಂದು ಬೀಡಿ ಸೇದುವಷ್ಟು ಹೊತ್ತು ಹೆಚ್ಚು ತೆಗೆದುಕೊಳ್ಳುತ್ತಿತ್ತು. ತುಂಬಿದ ಮೇಲೆ ಡ್ರೈಯರು 'ಪುಸ್' ಎಂದು ಉಸಿರು ಬಿಡುತ್ತದಲ್ಲ, ಅದು ಪದೇ ಪದೇ ಬರತೊಡಗಿತು. ಅಂದರೆ ಗಾಳಿ ಎಲ್ಲೋ ಸೋರುತ್ತಿದೆ, ಕಂಪ್ರೆಸರು ಬಿಡುವಿಲ್ಲದೆ ದುಡಿಯುತ್ತಿದೆ. ಇಂಜಿನ್ ಆಫ್ ಮಾಡಿ, ರೇಡಿಯೋನೂ ನಿಲ್ಲಿಸಿ ಕಿವಿಗೊಟ್ಟರೆ ಹಿಂದಿನಿಂದ ಸಣ್ಣಗೆ 'ಸ್ಸ್' ಅನ್ನುವ ಸದ್ದು. ತಿರುವಿನಲ್ಲಿ ಬಾಡಿ ಒಂದು ಕಡೆಗೆ ಹೊರಳಿ ವಾಪಸ್ ಬರಲು ತಡ. ಹಂಪಿನಲ್ಲಿ 'ಧಡ್' ಎಂದು ಒದೆ. ಗಾಳಿ ಖಾಲಿಯಾದಾಗ ಆಕ್ಸಲ್ಲು ನೇರವಾಗಿ ಒಳಗಿನ ರಬ್ಬರ್ ದಿಂಡಿಗೆ ಹೋಗಿ ಬಡಿಯುವ ಸದ್ದು ಅದು. ಹಿಂದಿನ ಸೀಟಿನ ಅಜ್ಜಿಯೊಬ್ಬರು ಸೊಂಟ ಹಿಡಿದುಕೊಂಡು ಬೈದದ್ದೂ ಒಂದು ಸೂಚನೆಯೇ ಎಂದು ಅವರೇ ನಕ್ಕರು.

ಎಲ್ಲ ಸಲವೂ ಬೆಲೋನೇ ತಪ್ಪು ಮಾಡಿರುವುದಿಲ್ಲ. ಲೆವೆಲಿಂಗ್ ವಾಲ್ವಿನ ಸರಳು ಮುರಿದರೆ ಒಂದು ಬದಿ ಕುಸಿಯಬಹುದು, ಇಲ್ಲವೇ ಬೇಡದಷ್ಟು ಎದ್ದು ನಿಲ್ಲಬಹುದು. ಡ್ರೈಯರಿನ ಕಾರ್ಟ್ರಿಜ್ ಹಳೆಯದಾದರೆ ಗಾಳಿಯ ಜೊತೆ ನೀರು, ಎಣ್ಣೆ ಹೋಗಿ ವಾಲ್ವುಗಳು ಕೆಡುತ್ತವೆ. ಟ್ಯಾಂಕಿನ ಅಡಿಯ ಕೀಲಿ ಎಳೆದಾಗ ಬರೀ ಗಾಳಿ ಬಂದರೆ ಸರಿ, ಕೆಸರುನೀರು ಚಿಮ್ಮಿದರೆ ಡ್ರೈಯರು ಸತ್ತಿದೆ ಎಂದೇ ಅರ್ಥ. ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಬೇಗ. ಕೆಮ್ಮಣ್ಣು, ಮರಳು ಬೆಲೋದ ಮಡಿಕೆಯಲ್ಲಿ ಕೂತು, ರಬ್ಬರು ಹೊರಳಿದಾಗಲೆಲ್ಲ ಉಜ್ಜುತ್ತದೆ. ಬಸ್ಸಿನ ಮುಖ ತೊಳೆದು ಹಾರ ಹಾಕುವ ಉತ್ಸಾಹದಲ್ಲಿ ಅರ್ಧವನ್ನು ಚಕ್ರದ ಒಳಮೂಲೆ ತೊಳೆಯಲು ಬಳಸಿದರೆ ಬೆಲೋ ಹೆಚ್ಚು ದಿನ ಬಾಳುತ್ತದೆ.

ಆ ದಿಮ್ಮಿಯ ಮಾತು ಬಿಟ್ಟು ಮುಂದೆ ಹೋಗಲಾರೆ. ಗಾಳಿಯ ಮೇಲೆ ನಿಂತ ಬಸ್ಸಿನ ಕೆಳಗೆ, ಆಧಾರ ಕೊಡದೆ, ತಲೆ ಹಾಕಬಾರದು. ಬ್ಲೇಡ್ ಬಸ್ಸು ಕೆಟ್ಟರೂ ಅಷ್ಟೇ ಎತ್ತರದಲ್ಲಿ ನಿಂತಿರುತ್ತದೆ. ಅದರ ಅಡಿ ಚಾಪೆ ಹಾಸಿ ಮಲಗಿ ನಿದ್ದೆ ಮಾಡಿದವರನ್ನೂ ನೋಡಿದ್ದೇವೆ. ಆ ಸಲಿಗೆಯನ್ನು ಈ ಗಾಡಿಗಳ ಜೊತೆ ಇಟ್ಟುಕೊಂಡರೆ ಪೈಪೊಂದು ಕಳಚಿಕೊಂಡ ಗಳಿಗೆಯಲ್ಲಿ ಟನ್ನುಗಟ್ಟಲೆ ಬಾಡಿ ನೇರ ಎದೆಯ ಮೇಲೆ ಕೂರುತ್ತದೆ. ಶಾಂಪೂ ಹಚ್ಚಲು ಆತುರಪಡುತ್ತಿದ್ದ ಹುಡುಗನನ್ನು ಡ್ರೈವರು ರಟ್ಟೆ ಹಿಡಿದು ಹಿಂದಕ್ಕೆ ಎಳೆದಿದ್ದರು: 'ಮೊದ್ಲು ದಿಮ್ಮಿ, ಆಮೇಲೆ ನಿನ್ ತಲೆ.'

ಈ ಊರಿನ ಕಿವಿ ಬ್ಲೇಡಿಗೆ ಪಳಗಿದ ಕಿವಿ. ಶಿವಮೊಗ್ಗ, ಭದ್ರಾವತಿ, ಚನ್ನಗಿರಿ ಕಡೆ ಓಡಾಡುವ ಖಾಸಗಿ ಬಸ್ಸುಗಳು ಹೆಚ್ಚಿನವು ಉಕ್ಕಿನ ಪಟ್ಟಿಗಳ ಮೇಲೇ ಓಡುತ್ತವೆ. ಅವುಗಳ ಕಿರುಗುಟ್ಟುವಿಕೆ ಕೇಳಿಯೇ ಯಾವ ಬಸ್ಸು ಬಂತು ಎಂದು ಹೇಳುವವರು ಸ್ಟ್ಯಾಂಡಿನಲ್ಲಿದ್ದಾರೆ. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿ, 2020ರವರೆಗೆ ನಡೆಸಿದ ಸಹಕಾರ ಸಾರಿಗೆಯ ಬಸ್ಸುಗಳು ಘಟ್ಟದ ಮಣ್ಣುದಾರಿಯಲ್ಲಿ ಬಾಳಿದ್ದೂ ಬ್ಲೇಡಿನ ಬಲದ ಮೇಲೆ. ಪಕ್ಕದ ಭದ್ರಾವತಿಯಂತೂ 1923ರಿಂದ ಕಬ್ಬಿಣ ಕರಗಿಸಿದ ಊರು. ಗುಂಪಿನಲ್ಲಿದ್ದ ನಿವೃತ್ತ ಕಾರ್ಖಾನೆ ನೌಕರರೊಬ್ಬರು ಬಸ್ಸಿನ ಗಾಳಿ ಗೇಜನ್ನು ಬಗ್ಗಿ ನೋಡಿ, 'ನಮ್ಮಲ್ಲಿ ಗೇಜ್ ನೋಡ್ದೆ ಹ್ಯಾಂಡಲ್ ಮುಟ್ಟಿದ್ರೆ ಶಿಫ್ಟ್ ಇನ್‌ಚಾರ್ಜ್ ಬಿಡ್ತಿರ್ಲಿಲ್ಲ' ಅಂದರು. ಓನರು ಆ ಮಾತು ಕೇಳಿಸಿಕೊಳ್ಳಬೇಕಿತ್ತು.

ಗಾಳಿಯ ಗಾಡಿಗಳು ಇಲ್ಲಿಗೆ ಬಾರದೆ ಇಲ್ಲ. ಚಿತ್ರದುರ್ಗದ ಕಡೆಯಿಂದ ಬರುವ ದೊಡ್ಡ ಲಾರಿಗಳು ಖಾಲಿಯಿದ್ದಾಗ ಒಂದು ಜೊತೆ ಗಾಲಿಯನ್ನು ನೆಲ ತಾಗದಂತೆ ಎತ್ತಿಕೊಂಡು ಹೋಗುತ್ತವಲ್ಲ, ಆ ಲಿಫ್ಟ್ ಆಕ್ಸಲ್ಲನ್ನು ಎತ್ತುವುದೂ ಬೆಲೋಗಳೇ. ವೋಲ್ವೊ ಕಂಪನಿ ಹೊಸಕೋಟೆಯಲ್ಲಿ 2001ರಲ್ಲಿ ಬಸ್ಸು ತಯಾರಿಸತೊಡಗಿದ ಮೇಲೆ, ಕೆಎಸ್‌ಆರ್‌ಟಿಸಿಯ ಐರಾವತ ಹತ್ತಿದವರಿಗೆ ಗಾಳಿಯ ಮೇಲೆ ತೇಲುವ ರುಚಿ ಹತ್ತಿತು. ಅದಕ್ಕೂ ಬಹಳ ಹಿಂದೆ, 1957ರಲ್ಲಿ, ಅಮೆರಿಕದ ಕ್ಯಾಡಿಲಾಕ್ ತನ್ನ ಎಲ್ಡೊರಾಡೊ ಬ್ರೂಮ್ ಎಂಬ ದುಬಾರಿ ಕಾರಿಗೆ ಏರ್ ಸಸ್ಪೆನ್ಷನ್ ಕೊಟ್ಟಿತ್ತು. ಸೋರಿ ಸೋರಿ ಸಾಕಾಗಿ ಅನೇಕರು ಅದನ್ನು ಕಿತ್ತು ಉಕ್ಕಿನ ಸ್ಪ್ರಿಂಗು ಹಾಕಿಸಿಕೊಂಡರು. ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿದ ಮೇಲೆ ನಮ್ಮ ಜಿಲ್ಲೆಯ ತೋಟದ ಮನೆಗಳ ಅಂಗಳದಲ್ಲೂ ಅಂಥ ಐಷಾರಾಮಿ ಕಾರು ಅಪರೂಪಕ್ಕೆ ಕಾಣುತ್ತದೆ. ಅವುಗಳಲ್ಲಿ ಕಂಪ್ರೆಸರು ಕರೆಂಟಿನದು. ಬೆಳಿಗ್ಗೆ ಒಂದು ಮೂಲೆ ತಗ್ಗಿದ್ದು, ಕೀ ತಿರುಗಿಸಿದ ಮೇಲೆ ಕಂಪ್ರೆಸರು ಬಹಳ ಹೊತ್ತು ಗುಂಯ್‌ಗುಟ್ಟಿದರೆ ಆಗಲೇ ಸೋರುವ ಬೆಲೋ ಹುಡುಕಬೇಕು. ತಡಮಾಡಿದರೆ ಕಂಪ್ರೆಸರೂ ಸುಟ್ಟು, ಬಿಲ್ಲು ಒಂದಿದ್ದದ್ದು ಎರಡಾಗುತ್ತದೆ.

ಇಷ್ಟಾದರೂ ಬಸ್ಸಿನ ಕಾಯಿಲೆಯಲ್ಲಿ ಒಂದು ಪ್ರಾಮಾಣಿಕತೆ ಇದೆ. ಅದು ಊರೆದುರಿಗೆ ಕುಸಿಯುತ್ತದೆ, ಸದ್ದು ಮಾಡುತ್ತದೆ, ಸೊಂಟಕ್ಕೆ ಒದೆಯುತ್ತದೆ, ಯಾರೂ ಅಲ್ಲಗಳೆಯಲಾಗದು. ಅವತ್ತು ಬಸ್ಸಿನ ಹಿಂದೆಯೇ ನಿಂತಿದ್ದ ಬಿಳಿ ಕಾರಿನ ಕಾಯಿಲೆ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಬಸ್ಸು ನೋಡಲೆಂದು ಇಳಿದಿದ್ದ ತೋಟದ ಯಜಮಾನರು ಹೊರಡುವಾಗ ಕೀ ತಿರುಗಿಸಿದರು. ಮೀಟರಿನಲ್ಲಿ ಹಲವು ದೀಪ ಹತ್ತಿ ಒಂದೊಂದಾಗಿ ಆರಿದವು. ಒಂದು ಕೆಂಪು ದೀಪ ಹಾಗೇ ಉಳಿಯಿತು: ಮಡಿಲಲ್ಲಿ ಕುಂಬಳಕಾಯಿ ಇಟ್ಟುಕೊಂಡು ಕೂತವನ ಚಿತ್ರ. ಕಿಟಕಿಯಿಂದ ಬಗ್ಗಿ ಕೇಳಿದ್ದಕ್ಕೆ ಅವರು ಹೇಳಿದ್ದು: 'ಅದಾ? ಅದು ಹತ್ಕೊಂಡು ಆರು ತಿಂಗಳಾಯ್ತು ಮಾರಾಯ್ರೆ. ಏನೂ ಆಗಿಲ್ಲ.'

ಏನೂ ಆಗುವುದಿಲ್ಲ, ನಿಜ. ಕಾರು ಮೈಲೇಜ್ ಕೊಡುತ್ತದೆ, ಎಸಿ ತಣ್ಣಗಿರುತ್ತದೆ, ಗೇರು ಬೀಳುತ್ತದೆ. ಏರ್‌ಬ್ಯಾಗ್ ಕೆಟ್ಟಿದೆ ಎಂಬುದು ಗೊತ್ತಾಗಲು ಇರುವುದು ಆ ಒಂದು ದೀಪ ಮಾತ್ರ. ಅದನ್ನು ಬಿಟ್ಟರೆ ಮುಂದಿನ ಸೂಚನೆ ಅಪಘಾತದ್ದೇ. ಆರೋಗ್ಯವಾಗಿರುವ ಕಾರಿನಲ್ಲಿ ಕೀ ಹಾಕಿದ ಕೂಡಲೇ ಈ ದೀಪ ಹತ್ತಿ, ಕೆಲವು ಸೆಕೆಂಡು ಇದ್ದು, ತಾನೇ ಆರಬೇಕು. ಆ ಹೊತ್ತಿನಲ್ಲಿ ಗೇರಿನ ಆಸುಪಾಸು ಅವಿತಿರುವ ಕಂಟ್ರೋಲ್ ಯೂನಿಟ್ಟು ಒಂದೊಂದು ವೈರಿನಲ್ಲೂ ಸಣ್ಣ ಕರೆಂಟು ಹರಿಸಿ ಎಲ್ಲ ಸರಿಯಿದೆಯೇ ಎಂದು ನೋಡಿಕೊಳ್ಳುತ್ತದೆ. ದೀಪ ಆರದಿದ್ದರೆ, ಅಥವಾ ಓಡುವಾಗ ಹತ್ತಿದರೆ, ಅಥವಾ ಮಿಣುಕಿದರೆ ದೋಷವಿದೆ. ಡಿಕ್ಕಿಯಾದಾಗ ಬಲೂನು ಅರಳದೇ ಹೋಗಬಹುದು. ಬೆಲ್ಟನ್ನು ಎದೆಗೆ ಬಿಗಿಯುವ ಪ್ರಿಟೆನ್ಷನರಿನ ದೋಷಕ್ಕೂ ಇದೇ ದೀಪ. ಎಲ್ಲಕ್ಕಿಂತ ಕೆಟ್ಟದ್ದು ಕೀ ಹಾಕಿದಾಗಲೂ ಹತ್ತದ ದೀಪ. ಅದು ಬಲ್ಬು ಸತ್ತದ್ದಿರಬಹುದು, ಯಾರೋ ಸಾಯಿಸಿದ್ದೂ ಇರಬಹುದು.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನಿಂತರೆ ಈ ದೀಪದ ಹಿಂದಿನ ಕಥೆಗಳೆಲ್ಲ ಸಿಗುತ್ತವೆ. ವೆಲ್ಡಿಂಗ್ ಕಿಡಿ, ಪೇಂಟಿನ ಘಾಟು, ಟಿಂಕರಿಂಗಿನ ಬಡಿತ, ನಡುನಡುವೆ ಬಾಣಲೆಯಿಂದ ಏಳುವ ಮೆಣಸಿನಕಾಯಿ ಬಜ್ಜಿಯ ವಾಸನೆ. ಅಲ್ಲಿಯ ಎಲೆಕ್ಟ್ರಿಷಿಯನ್ ಒಬ್ಬರು ಸ್ಟೇರಿಂಗಿನ ಅಡಿಯಿಂದ ತೆಗೆದ ಚಪ್ಪಟೆ ಡಬ್ಬಿಯೊಂದನ್ನು ಬಿಚ್ಚಿ ತೋರಿಸಿದರು. ಒಳಗೆ ಹಾಳೆಯಷ್ಟು ತೆಳ್ಳಗಿನ ಪಟ್ಟಿ ಸುರುಳಿ ಸುತ್ತಿಕೊಂಡಿದೆ; ಸ್ಟೇರಿಂಗ್ ಎಷ್ಟು ತಿರುಗಿದರೂ ಕರೆಂಟು ಕಡಿಯದಿರಲಿ ಎಂದು. ಅದಕ್ಕೆ ಕ್ಲಾಕ್ ಸ್ಪ್ರಿಂಗ್ ಅನ್ನುತ್ತಾರೆ. ಆ ಪಟ್ಟಿ ಒಂದು ಕಡೆ ಮಡಚಿ ಮುರಿದಿತ್ತು, ತಾಮ್ರದ ಎಳೆ ಹೊಳೆಯುತ್ತಿತ್ತು. ಡ್ರೈವರ್ ಬದಿಯ ಬಲೂನಿಗೆ, ಹಾರನ್ನಿಗೆ, ಸ್ಟೇರಿಂಗಿನ ಮೇಲಿನ ಹಾಡಿನ ಗುಂಡಿಗಳಿಗೆ ದಾರಿ ಅದೊಂದೇ. ಹಾಗಾಗಿ ಹಾರನ್ ಒಮ್ಮೆ ಬಂದು ಒಮ್ಮೆ ಬಾರದಿದ್ದರೆ, ವಾಲ್ಯೂಮ್ ಗುಂಡಿ ಸತ್ತಿದ್ದರೆ, ಸ್ಟೇರಿಂಗ್ ತಿರುಗಿಸುವಾಗ ಒಳಗೆ ಕಾಗದ ಉಜ್ಜಿದ ಸದ್ದು ಬಂದರೆ, ಜೊತೆಗೆ ಕೆಂಪು ದೀಪವೂ ಇದ್ದರೆ, ಅನುಮಾನ ಮೊದಲು ಇದರ ಮೇಲೆ. 'ಜನ ಹಾರನ್ ಹೋಯ್ತು ಅಂತ ಓಡಿ ಬರ್ತಾರೆ ಸಾರ್. ಏರ್‌ಬ್ಯಾಗ್ ಹೋಯ್ತು ಅಂತ ಒಬ್ರೂ ಬರಲ್ಲ' ಅಂದರು. ಹಾರನ್ ಇಲ್ಲದೆ ಶಿವಮೊಗ್ಗದ ಗಾಂಧಿ ಬಜಾರ್ ದಾಟುವುದು ಅಸಾಧ್ಯ ಎಂಬುದನ್ನು ನಾನೂ ಒಪ್ಪುತ್ತೇನೆ.

ಎರಡನೆಯ ಅಪರಾಧಿ ಸೀಟಿನ ಅಡಿ. ಅಲ್ಲಿ ಹಳದಿ ಬಣ್ಣದ ಕನೆಕ್ಟರುಗಳಿರುತ್ತವೆ; ಏರ್‌ಬ್ಯಾಗಿನ ವೈರಿಂಗಿಗೆ ಹಳದಿ ಹಾಕುವುದೇ 'ಮುಟ್ಟಬೇಡ' ಎಂದು ಹೇಳಲು. ಒದ್ದೆ ಕೊಡೆ, ಉರುಳಿದ ನೀರಿನ ಬಾಟಲಿ, ಅಡಿಕೆ ಮಂಡಿಯಿಂದ ತಂದ ಚೀಲದ ಹಗ್ಗ ಎಲ್ಲವೂ ಅಲ್ಲಿಗೇ ಸೇರುತ್ತವೆ. ಸೀಟು ಹಿಂದೆ ಮುಂದೆ ಎಳೆದಾಗ ಕನೆಕ್ಟರು ಸಡಿಲವಾಗುತ್ತದೆ. ತುಂಗೆ ತುಂಬಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದು ಶಿವಮೊಗ್ಗದವರು ನೋಡಲು ಓಡುವ ದಿನಗಳಲ್ಲಿ ಕಾರಿನ ಕಾರ್ಪೆಟ್ ಒಮ್ಮೆ ನೆನೆದರೆ ವಾರಗಟ್ಟಲೆ ಒಣಗುವುದಿಲ್ಲ. ಕನೆಕ್ಟರಿನ ಪಿನ್ನು ಹಸಿರುಗಟ್ಟುತ್ತದೆ. 2019ರ ಆಗಸ್ಟಿನ ನೆರೆಯಂತೆ ನೀರು ಮನೆಯಂಗಳಕ್ಕೇ ಬಂದು ಕಾರಿನ ನೆಲ ಮುಳುಗಿಸಿದರೆ ಕಂಟ್ರೋಲ್ ಯೂನಿಟ್ಟಿಗೇ ನೀರು. ಅಂಥ ಕಾರು ಒಣಗಿಸಿ ಸ್ಟಾರ್ಟ್ ಆಯಿತು ಎಂದು ಖುಷಿಪಡುವುದು ಅರ್ಧ ಖುಷಿ.

ಇಲಿಯ ಕಥೆ ಹೊಳೆಹೊನ್ನೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಭದ್ರಾ ಅಚ್ಚುಕಟ್ಟಿನ ಗದ್ದೆ ಕೊಯ್ಲಾದ ಮೇಲೆ ಗದ್ದೆಯ ಇಲಿಗಳು ಮನೆಯ ಕಡೆ ಹೊರಳುತ್ತವೆ, ಬಿಸಿ ಆರದ ಬಾನೆಟ್ಟಿನ ಒಳಗೆ ಬೆಚ್ಚಗೆ ಮಲಗುತ್ತವೆ, ಏಳುವಾಗ ವೈರು ಕಡಿಯುತ್ತವೆ. ಹೆಡ್‌ಲೈಟಿನ ವೈರು ಕಡಿದರೆ ಅವತ್ತೇ ಸಂಜೆ ಗೊತ್ತಾಗುತ್ತದೆ. ಬಂಪರಿನ ಹಿಂದೆ ಡಿಕ್ಕಿಯನ್ನು ಗುರುತಿಸುವ ಸೆನ್ಸರಿನ ವೈರು ಕಡಿದರೆ ಕೆಂಪು ದೀಪ ಮಾತ್ರ ಹೇಳಬಲ್ಲದು. ಅದೇ ಬಂಪರಿಗೆ ಚಂದಕ್ಕೆಂದು ಕಬ್ಬಿಣದ ಗಾರ್ಡು ಹಾಕಿಸಿಕೊಳ್ಳುವವರಿದ್ದಾರೆ. ಗಾರ್ಡು ಹೊಡೆತದ ಲೆಕ್ಕ ತಪ್ಪಿಸಿ ಸೆನ್ಸರನ್ನು ಗೊಂದಲಕ್ಕೆ ಕೆಡವಬಹುದು. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇದು ಕಾನೂನುಬಾಹಿರ ಎಂದು ರಾಜ್ಯಗಳಿಗೆ ಪತ್ರ ಬರೆದಿತ್ತು. ಪತ್ರ ರಾಜ್ಯಕ್ಕೆ ಬಂತು, ಗಾರ್ಡು ಅಂಗಡಿಯಲ್ಲೇ ಉಳಿಯಿತು.

ದೀಪ ತೋರಿಸದ ದೋಷಗಳೂ ಇವೆ, ಅವನ್ನು ನಾವೇ ದುಡ್ಡು ಕೊಟ್ಟು ತರುತ್ತೇವೆ. ಸೀಟಿನ ಅಂಚಿನಲ್ಲಿ ಸಣ್ಣ ಚೀಟಿಯಲ್ಲಿ ಏರ್‌ಬ್ಯಾಗ್ ಎಂದು ಬರೆದಿದ್ದರೆ ಪಕ್ಕೆಯ ಬಲೂನು ಅಲ್ಲಿಂದಲೇ ಹೊಲಿಗೆ ಹರಿದು ಹೊರಬರಬೇಕು. ಮೇಲೆ ಬಿಗಿಯಾದ ರೆಕ್ಸಿನ್ ಕವರು ಎಳೆದು ಹೊಲಿಸಿದರೆ ದಾರಿ ಮುಚ್ಚಿದಂತೆ; ಕಂಟ್ರೋಲ್ ಯೂನಿಟ್ಟಿಗೆ ಕವರು ಕಾಣುವುದಿಲ್ಲ, ದೀಪ ಸುಮ್ಮನಿರುತ್ತದೆ. ಇನ್ನು ಎಡಗಡೆಯ ಡ್ಯಾಶ್‌ಬೋರ್ಡು. ಗಣಪತಿ, ಧರ್ಮಸ್ಥಳದ ಮಂಜುನಾಥ, ಸಿಗಂದೂರು ಚೌಡೇಶ್ವರಿ, ಮಂತ್ರಾಲಯದ ರಾಯರು, ಅವರ ಮುಂದೆ ಸೆಂಟಿನ ಬಾಟಲಿ, ಎಲ್ಲರನ್ನೂ ಗಟ್ಟಿ ಅಂಟು ಹಾಕಿ ಕೂರಿಸಿರುವುದು ಪಕ್ಕದ ಸೀಟಿನ ಬಲೂನಿನ ಮುಚ್ಚಳದ ಮೇಲೆಯೇ. ಆ ಬಲೂನು ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ, ಕಣ್ಣೆವೆ ಇಕ್ಕುವ ಮೊದಲೇ ಹೊರಬರುತ್ತದೆ. ಮುಚ್ಚಳದ ಮೇಲಿದ್ದದ್ದು ಅದೇ ವೇಗದಲ್ಲಿ ಕೂತವರ ಮುಖಕ್ಕೆ ಹೋಗುತ್ತದೆ. ದೇವರನ್ನು ಅರ್ಧ ಅಡಿ ನಡುವಿಗೆ ಸರಿಸಿದರೆ ಭಕ್ತಿಗೇನೂ ಕುಂದಿಲ್ಲ.

ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂಡ್ಲಿಗೆ, ಸಂತೆಗೆ, ಮದುವೆಗೆ ಹೋಗುವುದು ಈ ರಸ್ತೆಯ ದಿನನಿತ್ಯದ ನೋಟ. 2024ರ ಡಿಸೆಂಬರಿನಲ್ಲಿ ನವಿ ಮುಂಬೈಯ ವಾಶಿಯಲ್ಲಿ ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಹುಡುಗನೊಬ್ಬ ಏರ್‌ಬ್ಯಾಗ್ ತೆರೆದುಕೊಂಡ ಹೊಡೆತಕ್ಕೆ ತೀರಿಕೊಂಡ. ಬಲೂನನ್ನು ಲೆಕ್ಕ ಹಾಕಿರುವುದು ಬೆಲ್ಟ್ ಕಟ್ಟಿದ ದೊಡ್ಡವರ ಎದೆಗೆ. ಅದೇ ಎತ್ತರದಲ್ಲಿ ಮಗುವಿನ ಮುಖವಿರುತ್ತದೆ. ಮಕ್ಕಳ ಜಾಗ ಹಿಂದಿನ ಸೀಟು, ತಕ್ಕ ಬೆಲ್ಟಿನೊಳಗೆ. ದೊಡ್ಡವರೂ ಸ್ಟೇರಿಂಗಿನ ನಡುವಿನಿಂದ ಎದೆಗೆ ಕನಿಷ್ಠ 25 ಸೆಂಟಿಮೀಟರ್ ಅಂತರ ಬಿಟ್ಟು ಕೂರಬೇಕು. ಬೆಲ್ಟ್ ಕಟ್ಟದೆ ಬಲೂನನ್ನೇ ನಂಬಿದರೆ ಅದು ರಕ್ಷಿಸುವ ಬದಲು ಹೊಡೆಯುತ್ತದೆ.

ಕಾನೂನು ನಿಧಾನಕ್ಕೆ ಬಂತು. ಡ್ರೈವರಿಗೊಂದು ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈ 1ರಿಂದ. ಪಕ್ಕದ ಸೀಟಿಗೂ ಬೇಕೆಂದು ಹೊಸ ಮಾಡೆಲುಗಳಿಗೆ 2021ರ ಏಪ್ರಿಲಿನಿಂದ ಹೇಳಿ, ಹಳೆಯ ಮಾಡೆಲುಗಳಿಗೆ ಆ ವರ್ಷದ ಕೊನೆಯವರೆಗೆ ಸಮಯ ಕೊಟ್ಟರು. ಆರು ಏರ್‌ಬ್ಯಾಗಿನ ಪ್ರಸ್ತಾಪ ಸದ್ದು ಮಾಡಿ ತಣ್ಣಗಾಯಿತು. ಬಲೂನು ಇದ್ದ ಮಾತ್ರಕ್ಕೆ ನೆಮ್ಮದಿಯೂ ಇಲ್ಲ ಎಂದು ಜಪಾನಿನ ತಕಾಟಾ ಕಂಪನಿ ತೋರಿಸಿತು. ಅದರ ಬಲೂನು ಉಬ್ಬಿಸುವ ಡಬ್ಬಿಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವ ಹೀರಿ ಹದ ತಪ್ಪಿ, ಡಬ್ಬಿಯನ್ನೇ ಸಿಡಿಸಿ ಲೋಹದ ಚೂರು ಎಸೆಯಿತು. ಜಗತ್ತಿನಾದ್ಯಂತ ಕೋಟಿಗಟ್ಟಲೆ ವಾಹನಗಳನ್ನು ವಾಪಸ್ ಕರೆಸಬೇಕಾಯಿತು, ಭಾರತದಲ್ಲೂ ಹೋಂಡಾ ತನ್ನ ಹಳೆಯ ಕಾರುಗಳನ್ನು ಹಲವು ಬಾರಿ ಕರೆಸಿತು, ತಕಾಟಾ 2017ರ ಜೂನಿನಲ್ಲಿ ದಿವಾಳಿಯಾಯಿತು. ಈ ದೋಷಕ್ಕೆ ಕೆಂಪು ದೀಪ ಹತ್ತುವುದಿಲ್ಲ. ಚಾಸಿ ನಂಬರು ಕೊಟ್ಟು ಕಂಪನಿಯಲ್ಲಿ ವಿಚಾರಿಸುವುದೊಂದೇ ದಾರಿ. ವರ್ಷದ ಅರ್ಧ ಗೋಡೆಯೇ ಬೆವರುವ ಮಲೆನಾಡಿನಲ್ಲಿ ಹಳೇ ಕಾರು ಇಟ್ಟುಕೊಂಡವರು ಮೊದಲು ಮಾಡಬೇಕಾದ ಫೋನು ಅದು.

ಸರಿಪಡಿಸುವ ಕೆಲಸವನ್ನು ಮನೆಯಂಗಳದಲ್ಲಿ ಸ್ಕ್ರೂಡ್ರೈವರ್ ಹಿಡಿದು ಮಾಡುವಂತಿಲ್ಲ. ಬ್ಯಾಟರಿಯ ವೈರು ಬಿಚ್ಚಿದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಬಲೂನು ಸಿಡಿಸುವಷ್ಟು ಕರೆಂಟು ಕೆಲವು ನಿಮಿಷ ಉಳಿದಿರುತ್ತದೆ. ಬಲ್ಲವರು ಕಾದು, ಸ್ಕ್ಯಾನರ್ ಹಾಕಿ, ದೋಷದ ಕೋಡು ಓದಿ ಮುಂದುವರಿಯುತ್ತಾರೆ. ಬಹಳ ಸಲ ಸೀಟಿನಡಿಯ ಕನೆಕ್ಟರ್ ಒಂದನ್ನು ಸ್ವಚ್ಛ ಮಾಡಿ ಒತ್ತಿದರೆ ಮುಗಿಯುತ್ತದೆ. ಬಲೂನು ಒಮ್ಮೆ ಅರಳಿತೆಂದರೆ ಮಾತ್ರ ಮಡಚಿ ಒಳಗಿಡುವಂತಿಲ್ಲ, ಎಲ್ಲ ಹೊಸದೇ ಬೇಕು. ಖರ್ಚು ಕೇಳಿ ಬೆಚ್ಚಿದವರಿಗಾಗಿ ಅಡ್ಡದಾರಿಯೂ ಇದೆ. ಬಲೂನಿನ ಜಾಗ ಖಾಲಿ ಬಿಟ್ಟು, ವೈರಿಗೆ ಸಣ್ಣ ರೆಸಿಸ್ಟರ್ ಸಿಕ್ಕಿಸಿ ಕಂಟ್ರೋಲ್ ಯೂನಿಟ್ಟನ್ನು ನಂಬಿಸುತ್ತಾರೆ. ಇಲ್ಲವೇ ಏರ್‌ಬ್ಯಾಗಿನ ದೀಪವನ್ನು ಆಯಿಲ್ ದೀಪದ ಜೊತೆ ಸೇರಿಸಿ, ಎರಡೂ ಒಟ್ಟಿಗೆ ಹತ್ತಿ ಒಟ್ಟಿಗೆ ಆರುವಂತೆ ಮಾಡುತ್ತಾರೆ. ಡ್ಯಾಶ್‌ಬೋರ್ಡಿನ ಎಡ ಮುಚ್ಚಳದ ಬಣ್ಣ ಉಳಿದದ್ದಕ್ಕಿಂತ ಒಂದು ಛಾಯೆ ಬೇರೆ ಇದ್ದರೆ, ಸ್ಟೇರಿಂಗಿಗೆ ಚರ್ಮದ ಕವರು ಹೊಸದಾಗಿ ಹೊಲಿದಿದ್ದರೆ, ಬೆಲ್ಟು ಎಳೆದಾಗ ಅರ್ಧಕ್ಕೆ ಸಿಕ್ಕಿಕೊಂಡರೆ ಹಳೇ ಕಾರು ಕೊಳ್ಳುವವರು ಅಲ್ಲೇ ನಿಂತು ಯೋಚಿಸಬೇಕು.

ಶಿವಮೊಗ್ಗದಲ್ಲಿ ಅಂಥದೊಂದು ಸೆಕೆಂಡ್ ಹ್ಯಾಂಡ್ ವ್ಯಾಪಾರಕ್ಕೆ ಸಾಕ್ಷಿಯಾಗುವ ಯೋಗ ಬಂತು. ಕೊಳ್ಳಲು ಬಂದವರು ಹೊಳೆಹೊನ್ನೂರು ಹೋಬಳಿಯ ಪರಿಚಯದವರೇ. ಟೈರು ನೋಡಿದರು, ಇಂಜಿನ್ ಆಯಿಲ್ ಬೆರಳಲ್ಲಿ ಉಜ್ಜಿ ಮೂಸಿದರು, ಬಾಗಿಲು ಹಾಕಿ ತೆಗೆದು ಸದ್ದು ಕೇಳಿದರು. ನಾನು ಕೀ ತಿರುಗಿಸಲು ಹೇಳಿದೆ. ಬ್ಯಾಟರಿ, ಆಯಿಲ್, ಹ್ಯಾಂಡ್‌ಬ್ರೇಕ್ ದೀಪಗಳು ಹತ್ತಿದವು. ಕುಂಬಳಕಾಯಿಯವನು ಬರಲೇ ಇಲ್ಲ. 'ಇದು ಬೇಸ್ ಮಾಡೆಲ್ ಸಾರ್, ಇದಕ್ಕೆ ಏರ್‌ಬ್ಯಾಗ್ ಇಲ್ಲ' ಅಂದ ಬ್ರೋಕರು. ಸ್ಟೇರಿಂಗಿನ ನಡುವಿನ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಏರ್‌ಬ್ಯಾಗ್ ಎಂದು ಉಬ್ಬಕ್ಷರದಲ್ಲಿತ್ತು. ತೋರಿಸಿದಾಗ ಬ್ರೋಕರು ಸ್ವಲ್ಪ ಹೊತ್ತು ಕತ್ತು ಕೆರೆದುಕೊಂಡ. 'ಹಳೇ ಓನರ್ ಏನೋ ಮಾಡ್ಸಿರ್ಬೇಕು. ಗಾಡಿ ಮಾತ್ರ ಸಿಂಗಲ್ ಹ್ಯಾಂಡು, ಎಸಿ ನೋಡಿ ಹೆಂಗಿದೆ.' ಪರಿಚಯದವರು ಎಸಿ ಮುಂದೆ ಅಂಗೈ ಹಿಡಿದರು, ನನ್ನ ಮುಖ ನೋಡಿದರು, ಮತ್ತೆ ಬ್ರೋಕರಿನ ಕಡೆ ತಿರುಗಿದರು. 'ಆ ಬಲೂನಿನ ಲೆಕ್ಕದಲ್ಲಿ ಒಂದ್ ಹತ್ತ್ ಸಾವ್ರ ಕಮ್ಮಿ ಮಾಡಪ್ಪ.' ಐದಕ್ಕೆ ಒಪ್ಪಂದವಾಯಿತು.